ಇಪ್ಪತ್ತೈದರ ಯಜಮಾನಿಕೆ

"ಯಜಮಾನರು ಇಲ್ವೇನಪ್ಪಾ?"

"ನಾನೇ ಸಾರ್, ಹೇಳಿ."

"ಅಲ್ಲ, ದೊಡ್ಡವರು ಯಾರಾದ್ರೂ ಇದ್ರೆ..."

ದಾವಣಗೆರೆಯ ಪ್ರಿಂಟಿಂಗ್ ಪ್ರೆಸ್ಸಿನಲ್ಲಿ, ಪೀಣ್ಯದ ಲೇತ್ ಶೆಡ್ಡಿನಲ್ಲಿ, ಮಂಗಳೂರಿನ ಕೇಟರಿಂಗ್ ಆಫೀಸಿನಲ್ಲಿ ದಿನವೂ ನಡೆಯುವ ಮಾತುಕತೆ ಇದು. ಗಲ್ಲಾಪೆಟ್ಟಿಗೆಯ ಹಿಂದೆ ಕೂತಿರುವುದು ಹುಡುಗಿಯಾದರೆ ಪ್ರಶ್ನೆ ಇನ್ನಷ್ಟು ನೇರ: "ಅಪ್ಪ ಎಷ್ಟೊತ್ತಿಗೆ ಬರ್ತಾರಮ್ಮಾ?" ಕೇಳುವವರ ಮನಸ್ಸಿನಲ್ಲಿ ಕೆಡುಕೇನೂ ಇರುವುದಿಲ್ಲ. ವ್ಯವಹಾರದ ಮಾತು ಹಿರಿಯರ ಬಾಯಿಂದಲೇ ಬರಬೇಕು ಎಂಬುದು ನಮ್ಮಲ್ಲಿ ಮದುವೆ ಮಾತುಕತೆಯಿಂದ ಹಿಡಿದು ಜಮೀನಿನ ಕ್ರಯದವರೆಗೆ ಬೆಳೆದುಬಂದ ರೂಢಿ. ಆದರೆ ಇದೇ ಪ್ರಶ್ನೆಯನ್ನು ಮತ್ತೆ ಮತ್ತೆ ಕೇಳಿಸಿಕೊಂಡ ಕಿರಿಯ ಮಾಲೀಕರು ನಿಧಾನವಾಗಿ ಬದಲಾಗತೊಡಗುತ್ತಾರೆ. ಗಡ್ಡ ಬಿಡುತ್ತಾರೆ. ಫೋನಿನಲ್ಲಿ ದನಿ ದಪ್ಪ ಮಾಡಿಕೊಳ್ಳುತ್ತಾರೆ. ಇಲ್ಲದ ಹಿರಿಯರೊಬ್ಬರನ್ನು ಹುಟ್ಟುಹಾಕಿ "ನಮ್ ಸಾರ್ ಹತ್ರ ಕೇಳಿ ಹೇಳ್ತೀನಿ" ಅನ್ನುತ್ತಾರೆ. ಗಿರಾಕಿ ಚೌಕಾಸಿಗೆ ಬಾಯಿ ತೆರೆಯುವ ಮುಂಚೆಯೇ ರೇಟು ಇಳಿಸುತ್ತಾರೆ. ಬರಬೇಕಾದ ಬಾಕಿ ಕೇಳಲು ಹಿಂಜರಿಯುತ್ತಾರೆ. ಗಡ್ಡದಿಂದ ಯಾರಿಗೂ ನಷ್ಟವಿಲ್ಲ. ಕೊನೆಯ ಎರಡರಿಂದ ಅಂಗಡಿಗಳು ಮುಚ್ಚಿವೆ.

ವಯಸ್ಸಿನ ಚಿಂತೆ ಬರೀ ಮನಸ್ಸಿನದು, ಒಂದಿಷ್ಟು ಧೈರ್ಯ ತಂದುಕೊಂಡರೆ ಹೋಗುತ್ತದೆ ಎನ್ನುವವರು ಬಹಳ ಮಂದಿ. ನನಗೆ ಹಾಗನ್ನಿಸುವುದಿಲ್ಲ. ಎದುರಿಗಿರುವವರು ನಿಜವಾಗಿಯೂ ಅನುಮಾನಿಸುತ್ತಿದ್ದಾರೆ, ಅನುಮಾನಕ್ಕೆ ಅವರದೇ ಕಾರಣಗಳಿವೆ, ಅದರಿಂದ ಆಗುವ ನಷ್ಟವನ್ನು ರೂಪಾಯಿ ಲೆಕ್ಕದಲ್ಲಿ ಬರೆದಿಡಬಹುದು. ಹಾಗಾಗಿ ಉತ್ತರವನ್ನೂ ವ್ಯವಹಾರದ ಒಳಗೇ ಹುಡುಕಬೇಕು.

ಇಂಥ ಅನುಮಾನ ಹೊಸದೇನೂ ಅಲ್ಲ. ಮಹಾರಾಷ್ಟ್ರದ ಜಳಗಾಂವ್ ಜಿಲ್ಲೆಯ ಅಮಳನೇರದಲ್ಲಿ 1945ರಲ್ಲಿ ಶುರುವಾದ ಒಂದು ಕಂಪನಿ ವನಸ್ಪತಿ ತಯಾರಿಸುತ್ತಿತ್ತು. ಅದರ ಸ್ಥಾಪಕ ಎಂ.ಎಚ್. ಹಾಶಮ್ ಪ್ರೇಮ್‌ಜಿ 1966ರ ಆಗಸ್ಟಿನಲ್ಲಿ ತೀರಿಕೊಂಡರು. ಮಗ ಅಜೀಂ ಆಗ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದರು. 21 ತುಂಬಿ ಇನ್ನೂ ಕೆಲವು ವಾರಗಳಾಗಿದ್ದವು ಅಷ್ಟೆ. ಓದನ್ನು ಅರ್ಧಕ್ಕೆ ಬಿಟ್ಟು ಬಂದು ಕಂಪನಿಯ ಹೊಣೆ ಹೊತ್ತರು. ಷೇರುದಾರರ ಸಭೆಯಲ್ಲಿ ಒಬ್ಬರು ಎದ್ದು ನಿಂತು, ಈ ವಯಸ್ಸಿನಲ್ಲಿ ನಿಮ್ಮಿಂದ ಕಂಪನಿ ನಡೆಸಲಾಗದು, ನಿಮ್ಮ ಪಾಲನ್ನು ಅನುಭವಸ್ಥರಿಗೆ ಮಾರಿಬಿಡಿ ಎಂಬರ್ಥದ ಸಲಹೆ ಕೊಟ್ಟರು. ಪ್ರೇಮ್‌ಜಿ ಮುಂದೆ ಈ ಪ್ರಸಂಗವನ್ನು ನೆನೆದು, ಆ ಮಾತೇ ತಮ್ಮಲ್ಲಿ ಹಟ ಹುಟ್ಟಿಸಿತು ಎಂದಿದ್ದಾರೆ. ಅವರು ಪಾಲು ಮಾರಲಿಲ್ಲ. ವೆಸ್ಟರ್ನ್ ಇಂಡಿಯಾ ವೆಜಿಟೆಬಲ್ ಪ್ರಾಡಕ್ಟ್ಸ್ ಎಂಬ ಆ ಕಂಪನಿಯೇ ವಿಪ್ರೊ ಆಯಿತು, ಬೆಂಗಳೂರಿನ ಸರ್ಜಾಪುರ ರಸ್ತೆಯಲ್ಲಿ ನೆಲೆಯೂರಿತು. ಪ್ರೇಮ್‌ಜಿ ಅದರ ಕಾರ್ಯನಿರ್ವಾಹಕ ಅಧ್ಯಕ್ಷ ಸ್ಥಾನದಿಂದ ಇಳಿದದ್ದು 2019ರ ಜುಲೈನಲ್ಲಿ.

ಈ ಕಥೆಯನ್ನು ಪ್ರೇರಣೆಗಾಗಿ ಹೇಳಿ ಅಲ್ಲಿಗೇ ಬಿಟ್ಟುಬಿಡುವುದುಂಟು. ಅದರಲ್ಲಿ ಇನ್ನೊಂದು ವಿಷಯವಿದೆ. ಪ್ರೇಮ್‌ಜಿ ಕೈಯಲ್ಲಿ ತಂದೆಯ ಷೇರುಗಳಿದ್ದವು. ಎದ್ದು ನಿಂತ ಷೇರುದಾರರು ಸಲಹೆ ಕೊಡಬಹುದಿತ್ತೇ ಹೊರತು ಕೆಳಗಿಳಿಸುವಂತಿರಲಿಲ್ಲ. ಬರಿಗೈಯಲ್ಲಿ ಶುರುಮಾಡುವವರಿಗೆ ಆ ಆಸರೆ ಇರುವುದಿಲ್ಲ. ಅಂಥವರು ನೋಡಬೇಕಾದದ್ದು 1978ರ ಬೆಂಗಳೂರಿನ ಒಂದು ಬಾಡಿಗೆ ಮನೆಯ ಗ್ಯಾರೇಜನ್ನು.

ಅಲ್ಲಿ ಹತ್ತು ಸಾವಿರ ರೂಪಾಯಿ ಬಂಡವಾಳದಲ್ಲಿ ಬಯೋಕಾನ್ ಕಂಪನಿ ಶುರುವಾದಾಗ ಅದರ ಸ್ಥಾಪಕಿ ಕಿರಣ್ ಮಜುಂದಾರ್‌ಗೆ 25 ವರ್ಷ. ಬ್ಯಾಂಕಿನವರ ಮುಂದೆ ಮೂರು ಅನುಮಾನಗಳು ಒಟ್ಟಿಗೇ ಬಂದು ಕೂತವು: ವಯಸ್ಸು ಚಿಕ್ಕದು, ಹೆಣ್ಣುಮಗಳು, ಜೈವಿಕ ತಂತ್ರಜ್ಞಾನ ಎಂಬ ಹೆಸರೇ ಕೇಳದ ಕಸುಬು. ಸಾಲ ಸಿಗುವುದು ಕಷ್ಟವಾಯಿತು. ಕೆಲಸಕ್ಕೆ ಜನ ಸಿಗುವುದು ಅದಕ್ಕಿಂತ ಕಷ್ಟವಾಯಿತು. ಕಂಪನಿಯ ಮೊದಲ ನೌಕರರು ನಿವೃತ್ತರಾಗಿದ್ದ ಒಬ್ಬ ಗ್ಯಾರೇಜ್ ಮೆಕ್ಯಾನಿಕ್. ಇಷ್ಟನ್ನು ಎಲ್ಲರೂ ಹೇಳುತ್ತಾರೆ. ಆಕೆಯ ಕೈ ಬರಿದಾಗಿದ್ದರೂ ತಲೆ ಬರಿದಾಗಿರಲಿಲ್ಲ ಎನ್ನುವುದನ್ನು ಹೇಳುವವರು ಕಡಿಮೆ. ತಂದೆ ಬಿಯರ್ ತಯಾರಿಸುವ ಯುನೈಟೆಡ್ ಬ್ರೂವರೀಸ್‌ನಲ್ಲಿ ಮುಖ್ಯ ಬ್ರೂಮಾಸ್ಟರ್. ಸ್ವತಃ ಆಸ್ಟ್ರೇಲಿಯಾದ ಬ್ಯಾಲರಾಟ್‌ಗೆ ಹೋಗಿ ಅದೇ ವಿದ್ಯೆ ಕಲಿತು ಬಂದಿದ್ದರು. ಹೆಣ್ಣೆಂಬ ಕಾರಣಕ್ಕೆ ಇಲ್ಲಿನ ಬಿಯರ್ ಕಾರ್ಖಾನೆಗಳಲ್ಲಿ ಆ ಹುದ್ದೆ ಸಿಗಲಿಲ್ಲ. ಹುದುಗುವಿಕೆ ಹೇಗೆ ನಡೆಯುತ್ತದೆ, ಕಿಣ್ವ ಏನು ಮಾಡುತ್ತದೆ ಎನ್ನುವುದು ಮಾತ್ರ ಆ ವಯಸ್ಸಿಗೇ ಚೆನ್ನಾಗಿ ಗೊತ್ತಿತ್ತು. ಪಪ್ಪಾಯಿ ಹಾಲಿನಿಂದ ತೆಗೆಯುವ ಪಪೈನ್, ಬಿಯರನ್ನು ತಿಳಿಗೊಳಿಸಲು ಬಳಸುವ, ಮೀನಿನಿಂದ ದೊರೆಯುವ ಐಸಿಂಗ್ಲಾಸ್ ಅವರ ಮೊದಲ ಸರಕುಗಳು. ಐರ್ಲೆಂಡಿನ ಕಾರ್ಕ್‌ನ ಬಯೋಕಾನ್ ಬಯೋಕೆಮಿಕಲ್ಸ್ ಜೊತೆಗಾರ ಕಂಪನಿಯಾಗಿ ನಿಂತಿತ್ತು. ಸರಕು ಕೊಳ್ಳುವವರು ಯಾರು, ಯಾವ ಗುಣಮಟ್ಟ ಕೇಳುತ್ತಾರೆ ಎನ್ನುವುದು ಮೊದಲೇ ತಿಳಿದಿತ್ತು. ವರ್ಷದೊಳಗೆ ಅಮೆರಿಕ, ಯುರೋಪಿಗೆ ಕಿಣ್ವ ರಫ್ತಾಯಿತು. ವಿದೇಶದ ಖರೀದಿದಾರರು ಕಿಣ್ವದ ಗುಣ ನೋಡಿ ಹಣ ಕಳಿಸಿದರು, ತಯಾರಿಸಿದವರ ಜನ್ಮದಿನಾಂಕ ಕೇಳಲಿಲ್ಲ. ವಯಸ್ಸಿನ ಪ್ರಶ್ನೆಗೆ ಇದಕ್ಕಿಂತ ಗಟ್ಟಿ ಉತ್ತರ ನಾನು ಬೇರೆ ಕಂಡಿಲ್ಲ.

ಗದಗಿನಲ್ಲಿ 1976ರಲ್ಲಿ ವಿಜಯ ಸಂಕೇಶ್ವರರು ಒಂದೇ ಒಂದು ಲಾರಿಯಿಂದ ವ್ಯವಹಾರ ಶುರುಮಾಡಿದಾಗ ಅವರಿಗೂ 26ರ ಆಸುಪಾಸು. ಮನೆತನದ ಕಸುಬು ಮುದ್ರಣ, ಪ್ರಕಾಶನ. ಲಾರಿ ಅವರಿಗೆ ಹೊಸದು. ಅವರು ಕಟ್ಟಿದ ವಿಆರ್‌ಎಲ್‌ನ ಹಳದಿ ಬಣ್ಣದ ಗಾಡಿಗಳು ಇಂದು ಕಾಣದ ಹೆದ್ದಾರಿ ಕರ್ನಾಟಕದಲ್ಲಿ ಇಲ್ಲವೆಂದೇ ಹೇಳಬೇಕು.

ಇಷ್ಟು ಹೇಳಿದ ಮೇಲೆ ಹಿರಿಯರ ಪಕ್ಷವನ್ನೂ ಹೇಳಬೇಕಾದದ್ದು ನ್ಯಾಯ. ಉದ್ಯಮ ಎಂದರೆ ಇಪ್ಪತ್ತರ ಹುಡುಗರ ಆಟ, ಮೂವತ್ತು ದಾಟಿದರೆ ಮುಗಿಯಿತು ಎಂಬ ಮಾತು ಬೆಂಗಳೂರಿನ ಸ್ಟಾರ್ಟ್‌ಅಪ್ ವಲಯದಲ್ಲಿ ಬಹಳ ಕೇಳಿಸುತ್ತದೆ. ಅದು ನಿಜವಲ್ಲ. ಪಿಯೆರ್ ಅಜೂಲೆ, ಬೆಂಜಮಿನ್ ಜೋನ್ಸ್ ಮತ್ತು ಸಂಗಡಿಗರು ಅಮೆರಿಕದ ಸುಮಾರು 27 ಲಕ್ಷ ಉದ್ಯಮ ಸ್ಥಾಪಕರ ದಾಖಲೆ ಪರಿಶೀಲಿಸಿ 2020ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಸ್ಥಾಪಕರ ಸರಾಸರಿ ವಯಸ್ಸು ಸುಮಾರು 42. ಅತಿ ವೇಗವಾಗಿ ಬೆಳೆದ, ಸಾವಿರಕ್ಕೊಂದರಂತಿರುವ ಕಂಪನಿಗಳನ್ನಷ್ಟೇ ತೆಗೆದುಕೊಂಡರೆ ಸರಾಸರಿ 45. ಮೂವತ್ತರ ಸ್ಥಾಪಕರಿಗೆ ಹೋಲಿಸಿದರೆ ಐವತ್ತರ ಸ್ಥಾಪಕರು ಅಂಥ ಬೆಳವಣಿಗೆ ಕಾಣುವ ಸಾಧ್ಯತೆ 1.8 ಪಟ್ಟು. ಅದೇ ಕಸುಬಿನಲ್ಲಿ ಮೊದಲೇ ಕೆಲಸ ಮಾಡಿದವರ ಗೆಲುವಿನ ಪ್ರಮಾಣ ಹೊಸಬರಿಗಿಂತ ಬಹಳ ಮೇಲಿತ್ತು. ಅಮೆರಿಕದ ಲೆಕ್ಕ ದಾವಣಗೆರೆಗೆ ಹಾಗೇ ಹೊಂದುತ್ತದೆ ಎನ್ನಲಾರೆ. ಆದರೂ ಅನುಭವಕ್ಕೆ ಬೆಲೆ ಇದೆ ಎನ್ನುವ ಹಿರಿಯರ ಮಾತು ಬರೀ ಅಹಂಕಾರದ್ದಲ್ಲ ಎಂದು ಇದು ತೋರಿಸುತ್ತದೆ. ಕಿರಿಯ ಮಾಲೀಕರು ಇದನ್ನು ಅವಮಾನ ಎಂದುಕೊಳ್ಳದೆ ಕೆಲಸದ ಪಟ್ಟಿ ಎಂದು ಓದಬೇಕು. ತನಗಿಲ್ಲದ ಅನುಭವವನ್ನು ಸಂಬಳಕ್ಕೆ ತರಬಹುದು, ಪಾಲುದಾರಿಕೆಯಲ್ಲಿ ತರಬಹುದು, ಬೇಕರಿ ತೆರೆಯುವ ಮುಂಚೆ ಇನ್ನೊಬ್ಬರ ಬೇಕರಿಯಲ್ಲಿ ಎರಡು ವರ್ಷ ಓವನ್ ಮುಂದೆ ನಿಂತು ಗಳಿಸಬಹುದು. ಗೂಗಲ್‌ನ ಇಬ್ಬರು ಸ್ಥಾಪಕರು ಇಪ್ಪತ್ತೆಂಟರ ಆಸುಪಾಸಿನಲ್ಲಿದ್ದಾಗ, 2001ರಲ್ಲಿ, ನಲವತ್ತಾರರ ಎರಿಕ್ ಶ್ಮಿಟ್ ಅವರನ್ನು ಮುಖ್ಯ ಕಾರ್ಯನಿರ್ವಹಣಾಧಿಕಾರಿಯಾಗಿ ಕೂರಿಸಿದರು. ಅದರಿಂದ ಅವರ ಯಜಮಾನಿಕೆಗೆ ಧಕ್ಕೆ ಬರಲಿಲ್ಲ.

ಹಾಗಾದರೆ ಎದುರಿಗೆ ಕೂತ ಹಿರಿಯರು ನಿಜಕ್ಕೂ ಏನು ಕೇಳುತ್ತಿದ್ದಾರೆ? ಮದುವೆಯ ಕೇಟರಿಂಗ್ ನೋಡಿ. ಇಪ್ಪತ್ನಾಲ್ಕರ ಹುಡುಗನ ಮುಂದೆ ಹೆಣ್ಣಿನ ತಂದೆ ಕೂತಿದ್ದಾರೆ. ಎಂಟುನೂರು ಎಲೆ ಊಟ. ಅವರಿಗೆ ಸಾರಿನ ರುಚಿಯ ಬಗ್ಗೆ ಅನುಮಾನವಿಲ್ಲ. ಮುಹೂರ್ತದ ದಿನ ಇವನು ಕೈಕೊಟ್ಟರೆ ಮತ್ತೆ ಮಾಡಿಸಲಾಗದ ಕೆಲಸವಿದು ಎಂಬ ಭಯ. ಬೀಗರ ಎದುರು ತಲೆ ತಗ್ಗಿಸಬೇಕಾದವರು ಅವರು. ಐವತ್ತರ ಕೇಟರರ್ ಮೇಲೆ ಅವರಿಗಿರುವ ನಂಬಿಕೆ ಊರಿನಲ್ಲಿ ನಡೆದುಹೋದ ಮದುವೆಗಳಿಂದ ಬಂದದ್ದು. ಹುಡುಗನ ಹಿಂದೆ ಅಷ್ಟು ಮದುವೆಗಳಿಲ್ಲ. ಅವನು "ನಂಬಿ ಸಾರ್, ಚೆನ್ನಾಗಿ ಮಾಡ್ತೀವಿ" ಎಂದಷ್ಟೂ ಅನುಮಾನ ಹೆಚ್ಚುತ್ತದೆ. ಅದರ ಬದಲು ಒಂದು ಹಾಳೆ ಮುಂದಿಟ್ಟರೆ ಮಾತು ಬೇರೆಯಾಗುತ್ತದೆ. ಮುಖ್ಯ ಅಡುಗೆ ಭಟ್ಟರು ಯಾರು, ಎಷ್ಟು ವರ್ಷದಿಂದ ಮಾಡುತ್ತಿದ್ದಾರೆ. ಪ್ರತಿ ಪಂಕ್ತಿಗೆ ಬಡಿಸುವವರು ಎಷ್ಟು ಜನ. ತರಕಾರಿ ಹಿಂದಿನ ದಿನ ಎಷ್ಟು ಗಂಟೆಗೆ ಛತ್ರಕ್ಕೆ ಬರುತ್ತದೆ. ಸಿಲಿಂಡರ್ ಹೆಚ್ಚುವರಿ ಎಷ್ಟು. ಎಂಟುನೂರು ಹೇಳಿ ಒಂಬೈನೂರು ಜನ ಬಂದರೆ ಏನು ವ್ಯವಸ್ಥೆ, ಆಗ ಎಲೆಗೆ ಎಷ್ಟು. ಮುಂಗಡ ಎಷ್ಟು, ಉಳಿದದ್ದು ಯಾವಾಗ. ಒಂದು ದಿನ ಮನೆಯವರನ್ನು ಕರೆದು ರುಚಿ ತೋರಿಸುವುದು. ಇಷ್ಟೆಲ್ಲ ಬರೆದುಕೊಟ್ಟವನ ವಯಸ್ಸನ್ನು ಆ ತಂದೆ ಮತ್ತೆ ಕೇಳುವುದಿಲ್ಲ. ಅವರು ಕೇಳಬೇಕೆಂದಿದ್ದ ಪ್ರಶ್ನೆಗಳಿಗೆ, ಬಾಯಿ ಬಿಟ್ಟು ಕೇಳಲಾಗದ ಪ್ರಶ್ನೆಗಳಿಗೂ, ಅಲ್ಲಿ ಉತ್ತರ ಇರುತ್ತದೆ. ಹಿರಿಯ ವ್ಯಾಪಾರಿ ಬಾಯಿಮಾತಿನಲ್ಲಿ ಮುಗಿಸುವುದನ್ನು ಕಿರಿಯರು ಬರೆದು ಮುಗಿಸಬೇಕು. ಕೆಲವು ವರ್ಷ ಈ ಹೆಚ್ಚಿನ ಶ್ರಮ ತಪ್ಪಿದ್ದಲ್ಲ. ಅನ್ಯಾಯ ಅನ್ನಿಸಬಹುದು. ಆದರೆ ಬರೆದು ವ್ಯವಹಾರ ಮಾಡುವ ಅಭ್ಯಾಸ ನಲವತ್ತರಲ್ಲೂ ಕಾಯುತ್ತದೆ.

ಬರೆದುಕೊಂಡದ್ದಕ್ಕೆ ಕಾನೂನಿನ ಬಲವಿದೆ, ಬರೆದುಕೊಂಡವರಿಗೆ 18 ತುಂಬಿದ್ದರೆ. 18 ತುಂಬದವರು ಮಾಡಿಕೊಂಡ ಒಪ್ಪಂದ ಮೂಲದಲ್ಲೇ ಅಸಿಂಧು ಎಂದು ಆಗಿನ ಅತ್ಯುನ್ನತ ನ್ಯಾಯಾಲಯವಾದ ಪ್ರಿವಿ ಕೌನ್ಸಿಲ್ 1903ರಲ್ಲಿ ಮೊಹೊರಿ ಬೀಬೀ ಪ್ರಕರಣದಲ್ಲಿ ಹೇಳಿತು, 1872ರ ಕರಾರು ಕಾಯ್ದೆಯ ಆಧಾರದ ಮೇಲೆ. ಆದ್ದರಿಂದ ಪಿಯುಸಿಯಲ್ಲೇ ಆನ್‌ಲೈನ್ ಮಾರಾಟ ಶುರುಮಾಡಿದ ಮಕ್ಕಳ ವ್ಯವಹಾರ ಪೋಷಕರ ಹೆಸರಿನಲ್ಲಿ ನಡೆಯಬೇಕಾಗುತ್ತದೆ. 18 ದಾಟಿದ ಮೇಲೆ ಇಪ್ಪತ್ತರವರ ಸಹಿಗೂ ಅರುವತ್ತರವರ ಸಹಿಗೂ ಕಾನೂನು ಭೇದ ಮಾಡುವುದಿಲ್ಲ. ಕಂಪನಿಯ ವ್ಯವಸ್ಥಾಪಕ ನಿರ್ದೇಶಕರಾಗಲು ಮಾತ್ರ 2013ರ ಕಂಪನಿ ಕಾಯ್ದೆ ಪ್ರಕಾರ 21 ಆಗಿರಬೇಕು.

ಮನೆತನದ ಅಂಗಡಿಗಳಲ್ಲಿ ಬೆಳೆದ ಮಕ್ಕಳಿಗೆ ತಿಳಿದಿರಲೇಬೇಕಾದ ಇನ್ನೊಂದು ನಿಯಮವಿದೆ, ತಿಳಿದವರು ತೀರಾ ಕಡಿಮೆ. ಪಾಲುದಾರಿಕೆ ಸಂಸ್ಥೆಯಲ್ಲಿ ಅಪ್ರಾಪ್ತ ವಯಸ್ಸಿನ ಮಗ, ಮಗಳ ಹೆಸರನ್ನು ಲಾಭದ ಪಾಲಿಗೆ ಸೇರಿಸುವುದು ನಮ್ಮ ವ್ಯಾಪಾರಿ ಕುಟುಂಬಗಳಲ್ಲಿ ಸಾಮಾನ್ಯ. 1932ರ ಪಾಲುದಾರಿಕೆ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ, ಅವರಿಗೆ 18 ತುಂಬಿದ ಆರು ತಿಂಗಳೊಳಗೆ, ಅಥವಾ ತಮ್ಮ ಹೆಸರು ಸೇರಿರುವುದು ಆಮೇಲೆ ತಿಳಿದರೆ ತಿಳಿದ ಆರು ತಿಂಗಳೊಳಗೆ, ತಾನು ಪಾಲುದಾರನಾಗುತ್ತೇನೋ ಇಲ್ಲವೋ ಎಂದು ಸಾರ್ವಜನಿಕ ಪ್ರಕಟಣೆ ಕೊಡಬಹುದು. ಸುಮ್ಮನಿದ್ದರೆ ತಾನಾಗಿ ಪಾಲುದಾರನಾಗಿಬಿಡುತ್ತಾನೆ. ಹಾಗಾದ ಮೇಲೆ, ಮೊದಲು ಹೆಸರು ಸೇರಿಸಿದ ದಿನದಿಂದ ಸಂಸ್ಥೆ ಮಾಡಿಕೊಂಡ ಸಾಲಕ್ಕೂ ಅವನ ಸ್ವಂತ ಆಸ್ತಿ ಹೊಣೆ. "ನೀನಿನ್ನೂ ಚಿಕ್ಕವನು, ನಿನಗ್ಯಾಕೆ ಲೆಕ್ಕ?" ಎಂದು ಮನೆಯಲ್ಲಿ ಬಾಯಿ ಮುಚ್ಚಿಸುವವರು ಇದನ್ನು ನೆನಪಿಡಬೇಕು. ಹದಿನೆಂಟರ ಮಗ ಲೆಕ್ಕದ ಪುಸ್ತಕ ಕೇಳುವುದು ಉದ್ಧಟತನವಲ್ಲ, ಅವನ ಹಕ್ಕು.

ಇನ್ನು ಬಾಕಿ. ವಯಸ್ಸು ಚಿಕ್ಕದೆಂದು ಗೊತ್ತಾದ ಕೂಡಲೇ ಹಣವನ್ನು ಮುಂದೂಡುವ ಗಿರಾಕಿಗಳಿದ್ದಾರೆ. "ನಿನಗೇನಪ್ಪಾ ಅವಸರ, ಹೆಂಡತಿಯೇ, ಮಕ್ಕಳೇ?" ಎಂಬ ಮಾತಿನಲ್ಲಿ ತಿಂಗಳುಗಳು ಕಳೆಯುತ್ತವೆ. ಇಲ್ಲಿ ನಾಚಿಕೆ ಬೇಕಿಲ್ಲ. ಉತ್ಪಾದನೆ ಅಥವಾ ಸೇವೆಯ ಸಣ್ಣ ಘಟಕ ನಡೆಸುವವರು ಮೊದಲ ದಿನವೇ ಉದ್ಯಮ್ ನೋಂದಣಿ ಮಾಡಿಸಿಕೊಳ್ಳಬೇಕು. 2020ರ ಜುಲೈಯಿಂದ ಆಧಾರ್ ಆಧಾರದ ಮೇಲೆ ಆನ್‌ಲೈನಿನಲ್ಲಿ ಉಚಿತವಾಗಿ ಆಗುತ್ತದೆ, ಏಜೆಂಟರಿಗೆ ಹಣ ಕೊಡಬೇಕಿಲ್ಲ. 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ಯಮ) ಕಾಯ್ದೆ ಪ್ರಕಾರ ಲಿಖಿತ ಒಪ್ಪಂದವಿದ್ದರೂ ಪಾವತಿಯ ಗಡುವು 45 ದಿನ ಮೀರುವಂತಿಲ್ಲ, ಒಪ್ಪಂದವೇ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಚಕ್ರಬಡ್ಡಿ. ದೂರನ್ನು ಆನ್‌ಲೈನ್ ಮೂಲಕ, ಬಾಕಿ ವಿವಾದ ಕೇಳುವ ರಾಜ್ಯದ ಮಂಡಳಿಗೆ ಒಯ್ಯಬಹುದು. 2024ರ ಏಪ್ರಿಲ್‌ನಿಂದ ಜಾರಿಗೆ ಬಂದ ಆದಾಯ ತೆರಿಗೆ ನಿಯಮವೂ ಇದಕ್ಕೆ ಜೊತೆಯಾಗಿದೆ: ಗಡುವಿನೊಳಗೆ ಹಣ ಕೊಡದ ಖರೀದಿದಾರರು ಆ ಮೊತ್ತವನ್ನು, ನಿಜವಾಗಿ ಪಾವತಿ ಮಾಡುವವರೆಗೆ, ಖರ್ಚೆಂದು ತೋರಿಸುವಂತಿಲ್ಲ. ಎಲ್ಲರ ಮೇಲೂ ದೂರು ಕೊಡಿ ಎನ್ನುತ್ತಿಲ್ಲ. ಬಿಲ್ಲಿನ ಕೆಳಗೆ ಉದ್ಯಮ್ ಸಂಖ್ಯೆ, ಪಾವತಿಯ ಕೊನೆಯ ದಿನಾಂಕ, ಈ ಕಾಯ್ದೆಯ ಹೆಸರು ಅಚ್ಚು ಹಾಕಿಸಿ. ಎದುರಿಗೆ ನಿಂತು ಹೇಳಲು ಬಾಯಿ ಬಾರದ ಮಾತನ್ನು ಬಿಲ್ಲೇ ಹೇಳುತ್ತದೆ. ವ್ಯಾಪಾರಿಗಳಿಗೆ, ಅಂದರೆ ಕೊಂಡು ಮಾರುವವರಿಗೆ, ಈ ರಕ್ಷಣೆ ಸಿಗುವುದಿಲ್ಲ ಎನ್ನುವುದೂ ತಿಳಿದಿರಲಿ.

ಸಾಲದ ಮಾತೂ ಹೀಗೇ. 2015ರಲ್ಲಿ ಬಂದ ಮುದ್ರಾ ಯೋಜನೆಯಲ್ಲಿ ಒತ್ತೆಯಿಲ್ಲದೆ ಸಾಲ ದೊರೆಯುತ್ತದೆ, ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಗೆ (ಪಿಎಂಇಜಿಪಿ) 18 ದಾಟಿದ್ದರೆ ಅರ್ಜಿ ಹಾಕಬಹುದು. ಆದರೂ ಮ್ಯಾನೇಜರ್ ಮುಂದೆ ಕೂತಾಗ ಕೆಲಸಕ್ಕೆ ಬರುವುದು ಒಂದು ವರ್ಷದ ಬ್ಯಾಂಕ್ ಖಾತೆಯ ವಹಿವಾಟು, ಸಮಯಕ್ಕೆ ತುಂಬಿದ ಜಿಎಸ್‌ಟಿ, ಕೈಯಲ್ಲಿರುವ ಆರ್ಡರುಗಳು. ಇವನ್ನು ಹೊಂದಿಸಿಕೊಳ್ಳಲು ಹೇಳಿಕೊಡುವವರು ನಮ್ಮಲ್ಲೇ ಇದ್ದಾರೆ. ಧರ್ಮಸ್ಥಳದ ಶಿಕ್ಷಣ ಸಂಸ್ಥೆ, ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಸೇರಿ ಉಜಿರೆಯಲ್ಲಿ 1982ರಲ್ಲಿ ಶುರುಮಾಡಿದ ರುಡ್‌ಸೆಟ್ ಸಂಸ್ಥೆ 18ರಿಂದ 45ರವರಿಗೆ ಊಟ ವಸತಿ ಸಹಿತ ಉಚಿತ ತರಬೇತಿ ಕೊಡುತ್ತ ಬಂದಿದೆ. ಅದೇ ಮಾದರಿಯ ಆರ್‌ಸೆಟಿ ತರಬೇತಿ ಕೇಂದ್ರಗಳು ಇಂದು ದೇಶದ ಜಿಲ್ಲೆ ಜಿಲ್ಲೆಯಲ್ಲಿವೆ, ತರಬೇತಿಯ ನಂತರ ಎರಡು ವರ್ಷ ಜೊತೆಗಿದ್ದು ವಿಚಾರಿಸುವುದೂ ಅವುಗಳ ಕೆಲಸ. ಅಲ್ಲಿಗೆ ಹೋಗಲು ಸಂಕೋಚಪಡುವ ಪದವೀಧರರನ್ನು ನೋಡಿದರೆ ಬೇಸರವಾಗುತ್ತದೆ. ಇಪ್ಪತ್ತೆರಡರಲ್ಲಿ ಕಲಿಯುತ್ತಿದ್ದೇನೆ ಎಂದು ಹೇಳಿಕೊಳ್ಳುವುದರಲ್ಲಿ ಕಳೆದುಕೊಳ್ಳುವುದು ಏನೂ ಇಲ್ಲ.

ಗಿರಾಕಿ, ಬ್ಯಾಂಕುಗಳಿಗಿಂತ ಸೂಕ್ಷ್ಮವಾದದ್ದು ತನಗಿಂತ ದೊಡ್ಡವರಿಗೆ ಕೆಲಸ ಹೇಳುವುದು. ಐವತ್ತೈದರ ಲೇತ್ ಮೇಸ್ತ್ರಿ, ಅಪ್ಪನ ಕಾಲದಿಂದ ಇರುವ ಗುಮಾಸ್ತರು, ಚಿಕ್ಕಂದಿನಲ್ಲಿ ತನ್ನನ್ನು ಎತ್ತಿ ಆಡಿಸಿದವರು. ಅವರನ್ನು "ಅಣ್ಣ" ಎಂದು ಕರೆದರೆ ಯಜಮಾನಿಕೆ ಹೋಗುತ್ತದೆಂದು ಹೆದರಿ ಹೆಸರು ಹಿಡಿದು ಗದರುವವರಿದ್ದಾರೆ. ಅದು ತಪ್ಪು ದಾರಿ, ಅಂಥ ಶೆಡ್ಡಿನಲ್ಲಿ ಕಸುಬುದಾರರು ನಿಲ್ಲುವುದಿಲ್ಲ. ಅಣ್ಣ ಎಂದೇ ಕರೆಯಲಿ, ನೀವು ಎಂದೇ ಮಾತಾಡಲಿ. ಈ ಪೀಸು ಹೇಗೆ ಮಾಡುವುದು ಎಂದು ಅವರನ್ನೇ ಕೇಳಲಿ. ಯಾವ ಆರ್ಡರ್ ಹಿಡಿಯುವುದು, ಯಾವ ದಿನಕ್ಕೆ ಕೊಡುವುದು ಎನ್ನುವುದು ಮಾತ್ರ ತನ್ನ ತೀರ್ಮಾನ, ಅದನ್ನು ಕಾರಣ ಸಮೇತ ಹೇಳಲಿ. ತಪ್ಪಾದರೆ ನಾಲ್ಕು ಜನರ ಎದುರು ಹೇಳದೆ ಪಕ್ಕಕ್ಕೆ ಕರೆದು ಹೇಳಲಿ. ಎಲ್ಲಕ್ಕಿಂತ ಮೇಲೆ, ಹೇಳಿದ ತಾರೀಖಿಗೆ ಸಂಬಳ. ಮೂರು ತಿಂಗಳು ತಪ್ಪದೆ ಒಂದೇ ದಿನ ಸಂಬಳ ಕೊಟ್ಟ ಇಪ್ಪತ್ತೈದರವರಿಗೆ ಸಿಗುವ ಮರ್ಯಾದೆ, ಸತಾಯಿಸಿ ಕೊಡುವ ಅರುವತ್ತರವರಿಗೆ ಸಿಗುವುದಿಲ್ಲ.

ತಂದೆಯ ಅಂಗಡಿಯನ್ನೇ ನಡೆಸುವವರಿಗೆ ಇನ್ನೊಂದು ತೊಡಕು. ಗಿರಾಕಿ ಮಗಳನ್ನು ದಾಟಿ ತಂದೆಯನ್ನು ಕೇಳುತ್ತಾರೆ, ತಂದೆ ಅಭ್ಯಾಸಬಲದಿಂದ ಉತ್ತರ ಕೊಟ್ಟುಬಿಡುತ್ತಾರೆ. ಅಲ್ಲಿಗೆ ಮಗಳ ಒಂದು ತಿಂಗಳ ದುಡಿಮೆ ವ್ಯರ್ಥ. "ರೇಟು ಅವಳು ಹೇಳ್ತಾಳೆ, ಅವಳನ್ನೇ ಕೇಳಿ" ಎಂದು ತಂದೆ ಹೇಳುವ ಒಂದು ವಾಕ್ಯಕ್ಕೆ ಯಾವ ಬಂಡವಾಳವೂ ಸಮವಲ್ಲ.

ಹಿರಿಯ ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ನಿಮ್ಮೂರಿನಲ್ಲಿ ಮೊನ್ನೆ ಮೊನ್ನೆ ಬಾಗಿಲು ತೆರೆದ ಹುಡುಗ, ಹುಡುಗಿಯರಿಗೆ ಒಂದು ಸಣ್ಣ ಆರ್ಡರ್ ಕೊಟ್ಟು ನೋಡಿ. ಬೇರೆಯವರಿಗೆ ಕೊಡುವ ರೇಟನ್ನೇ ಕೊಡಿ. ಕೆಲಸ ಕೆಟ್ಟಿದ್ದರೆ ಅವರಿಗೇ ನೇರವಾಗಿ ಹೇಳಿ, ಅಪ್ಪಂದಿರಿಗೆ ದೂರು ಹೇಳಬೇಡಿ. ಸರಿಯಾಗಿದ್ದರೆ ಬಿಲ್ಲಿನಲ್ಲಿ ಬರೆದ ದಿನಾಂಕಕ್ಕೆ ಹಣ ಕಳಿಸಿ.